ಹಚ್ಚಿದ ಮುಲಾಮಿನಿಂದಲೇ ಕಡಿತ ಹೆಚ್ಚಾದರೆ

ಪ್ರಶ್ನೆ: ನಮ್ಮದು ದಾವಣಗೆರೆ ತಾಲ್ಲೂಕಿನ ಹಳ್ಳಿ. ಮೆಕ್ಕೆಜೋಳ ಒಕ್ಕಣೆ ಮಾಡಿಸಿದ ದಿನದಿಂದ ನಮ್ಮ ಯಜಮಾನರಿಗೆ ಮುಂಗೈ, ಕುತ್ತಿಗೆಯಲ್ಲಿ ವಿಪರೀತ ಕಡಿತ. ಮೆಡಿಕಲ್ ಶಾಪಿನಲ್ಲಿ ಅಲರ್ಜಿಗೆಂದು ಒಂದು ಮುಲಾಮು ಕೊಟ್ಟರು. ಅದರ ಮೇಲೆ ಡೈಫೆನ್‌ಹೈಡ್ರಾಮಿನ್ ಎಂದು ಬರೆದಿದೆ. ಮೊದಲ ಮೂರ್ನಾಲ್ಕು ದಿನ ಹಾಯೆನಿಸಿತು. ಈಗ 11 ದಿನವಾಯಿತು, ದಿನಕ್ಕೆ ಐದಾರು ಸಲ ಹಚ್ಚಿದರೂ ಕಡಿಮೆಯಿಲ್ಲ. ಹಚ್ಚಿದ ಜಾಗವೇ ಕೆಂಪಾಗಿ ನೀರು ಜಿನುಗುತ್ತಿದೆ. ರಾತ್ರಿ ಅಲರ್ಜಿ ಮಾತ್ರೆಯನ್ನೂ ನುಂಗುತ್ತಾರೆ. ಇದೇ ಮುಲಾಮನ್ನು ನಮ್ಮ ಮೂರು ವರ್ಷದ ಮಗನಿಗೆ ಸೊಳ್ಳೆ ಕಚ್ಚಿದ ಕಡೆ ಹಚ್ಚಬಹುದೇ? ಪಕ್ಕದ ಮನೆಯ ಮಗುವಿಗೆ ಅಮ್ಮ (ಚಿಕನ್‌ಪಾಕ್ಸ್) ಎದ್ದಿದೆ, ಅವರೂ ಕೇಳುತ್ತಿದ್ದಾರೆ.

ಉತ್ತರ: ಇವತ್ತೇ ಆಗಬೇಕಾದ ಎರಡು ಕೆಲಸ ಮೊದಲು ಹೇಳುತ್ತೇನೆ. ನಿಮ್ಮ ಯಜಮಾನರು ಆ ಮುಲಾಮನ್ನು ಈಗಲೇ ನಿಲ್ಲಿಸಲಿ. ಪಕ್ಕದ ಮನೆಯ ಮಗುವಿಗೆ ಅದನ್ನು ಒಂದು ಚೂರೂ ಹಚ್ಚಬಾರದು ಎಂದು ಎದ್ದು ಹೋಗಿ ಹೇಳಿ ಬನ್ನಿ. ಉಳಿದದ್ದನ್ನು ಬಂದು ನಿಧಾನವಾಗಿ ಓದಿ.

ಈ ಮದ್ದು ಕೆಟ್ಟದ್ದಲ್ಲ. ಅದಕ್ಕೆ ಒಪ್ಪುವ ಕೆಲಸ ಮಾತ್ರ ಬಹಳ ಚಿಕ್ಕದು. ಸೊಳ್ಳೆಯೋ ಇರುವೆಯೋ ಕಚ್ಚಿದಾಗ ಚರ್ಮದೊಳಗಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ಅದು ನರದ ತುದಿಯಲ್ಲಿ ತನಗೆಂದೇ ಇರುವ ಜಾಗದಲ್ಲಿ ಕೂತರೆ ತುರಿಕೆ, ಸಣ್ಣ ರಕ್ತನಾಳದ ಮೇಲೆ ಕೂತರೆ ಕೆಂಪು ಮತ್ತು ಊತ. ಡೈಫೆನ್‌ಹೈಡ್ರಾಮಿನ್‌ನಂಥ ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ ತಡೆಯುವ ಮದ್ದು, ಮಾಡುವುದಿಷ್ಟೇ: ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಆ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಹಿಸ್ಟಮಿನ್ ಬಂದರೂ ಕೂರಲು ಸೀಟಿಲ್ಲ. ಜೊತೆಗೆ ಡೈಫೆನ್‌ಹೈಡ್ರಾಮಿನ್‌ಗೆ ಹಚ್ಚಿದ ಜಾಗವನ್ನು ಒಂದಿಷ್ಟು ಮರಗಟ್ಟಿಸುವ ಗುಣವೂ ಇದೆ. ಮೊದಲ ಮೂರ್ನಾಲ್ಕು ದಿನ ನಿಮ್ಮವರಿಗೆ ಹಾಯೆನಿಸಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ತುರಿಕೆಯ ಮೂಲ ಬೇರೆಯಾಗಿದ್ದರೂ ಆ ಮರಗಟ್ಟುವಿಕೆ ತುಸು ನೆಮ್ಮದಿ ಕೊಡುತ್ತದೆ. ಮೂಲ ಹಾಗೇ ಉಳಿಯುತ್ತದೆ.

ಹಾಗಾದರೆ ಈಗ ನೀರು ಜಿನುಗುತ್ತಿರುವುದು ಯಾಕೆ? ನೀವು ಬರೆದ ರೀತಿ ನೋಡಿದರೆ ಮುಲಾಮೇ ಅಲರ್ಜಿಯಾಗಿರುವ ಸಾಧ್ಯತೆ ಹೆಚ್ಚು. ಅಲರ್ಜಿಯ ಮದ್ದಿಗೇ ಅಲರ್ಜಿ ಎಂದರೆ ನಂಬುವುದು ಕಷ್ಟ, ಆದರೆ ಚರ್ಮರೋಗ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಕೆರೆದು ಕೆಂಪಾದ ಚರ್ಮಕ್ಕೆ ಒಂದೇ ಮದ್ದನ್ನು ದಿನವೂ ತಿಕ್ಕಿದರೆ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳಬಹುದು. ಹಾಗೆ ಗುರುತು ಹಾಕಿಕೊಳ್ಳಲು ಸುಮಾರು ಹತ್ತು ದಿನದಿಂದ ಎರಡು ವಾರ ಬೇಕು. ಆಮೇಲೆ ಪ್ರತಿ ಸಲ ಹಚ್ಚಿದಾಗಲೂ ಒಂದರಿಂದ ಮೂರು ದಿನದೊಳಗೆ ಅಲ್ಲಿ ಉರಿ, ತುರಿಕೆ, ಸಣ್ಣ ನೀರುಗುಳ್ಳೆ. ಈ ತಡವೇ ಮೋಸ ಮಾಡುವುದು. ಹಚ್ಚಿದ ಕೂಡಲೇ ಉರಿದಿದ್ದರೆ ಯಾರಾದರೂ ಮುಲಾಮನ್ನೇ ಅನುಮಾನಿಸುತ್ತಿದ್ದರು. ಎರಡು ದಿನ ಬಿಟ್ಟು ಕೆಂಪಾದರೆ "ಅಲರ್ಜಿ ಜಾಸ್ತಿಯಾಯಿತು, ಇನ್ನಷ್ಟು ಹಚ್ಚು" ಎನ್ನುತ್ತೇವೆ. ಉರಿಯುವ ಒಲೆಗೆ ಕಟ್ಟಿಗೆ ಒಟ್ಟಿದಂತಾಗುತ್ತದೆ.

ಕೈಯನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪಿನ ಅಂಚು ಮುಲಾಮು ಹರಡಿದ ಅಂಚಿಗೇ ನಿಂತಿದೆಯೇ? ಹಚ್ಚುವ ಕೈಯ ಬೆರಳ ಸಂದಿಯಲ್ಲೂ, ಅದೇ ಕೈ ತಾಗಿದ ರೆಪ್ಪೆಯಲ್ಲೂ ತುರಿಕೆ ಎದ್ದಿದೆಯೇ? ಹೌದಾದರೆ ಮುಲಾಮಿನ ಮೇಲಿನ ಅನುಮಾನ ಗಟ್ಟಿ. ಮದ್ದೇ ಆಗಬೇಕೆಂದೂ ಇಲ್ಲ, ಕ್ರೀಮು ಕೆಡದಂತೆ ಹಾಕುವ ಸಂರಕ್ಷಕ ಅಥವಾ ಸುಗಂಧವೂ ಹೀಗೆ ಮಾಡುತ್ತದೆ. ಹಳದಿ ಹಕ್ಕಳೆ, ಕೀವು, ಮುಟ್ಟಿದರೆ ನೋವು, ಜ್ವರ ಕಂಡರೆ ಕೆರೆದ ಗಾಯಕ್ಕೆ ಸೋಂಕು ತಗುಲಿದೆ ಎಂದರ್ಥ. ಆಗ ಕಾಯದೆ ವೈದ್ಯರ ಬಳಿ ಹೋಗಿ.

ಈಗ ಮಾಡಬೇಕಾದ್ದು: ಅಂಟಿರುವ ಮುಲಾಮನ್ನು ತಣ್ಣೀರು ಮತ್ತು ಕಟು ವಾಸನೆಯಿಲ್ಲದ ಸೋಪಿನಿಂದ ಮೆಲ್ಲಗೆ ತೊಳೆದು, ತಿಕ್ಕದೆ ಒತ್ತಿ ಒರೆಸಲಿ. ಕುದಿಸಿ ಆರಿಸಿದ ನೀರಲ್ಲಿ ಹಳೆಯ ಶುಭ್ರ ಹತ್ತಿಬಟ್ಟೆ ಅದ್ದಿ, ಹಿಂಡಿ, ಜಿನುಗುವ ಜಾಗದ ಮೇಲೆ 10ರಿಂದ 15 ನಿಮಿಷ ಹಾಕಿಡಿ. ಬಟ್ಟೆ ಬೆಚ್ಚಗಾದರೆ ಮತ್ತೆ ಅದ್ದಿ. ದಿನಕ್ಕೆ ಮೂರು ನಾಲ್ಕು ಸಲ, ಎರಡು ಮೂರು ದಿನ ಹೀಗೆ ಮಾಡಿದರೆ ಜಿನುಗುವುದು ಇಂಗುತ್ತದೆ. ಇಂಗಿ ಒಣಗಿ ಬಿರಿಯಲು ಶುರುವಾದ ಮೇಲೆ ಬರಿಯ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ತೆಳ್ಳಗೆ ಸವರಿ. ಅರಿಶಿನ, ಬೇವಿನ ರಸ, ಉಪ್ಪುನೀರು, ನಿಂಬೆರಸ, ಡೆಟಾಲ್ ಯಾವುದೂ ಬೇಡ. ಕೆಂಡದಂತಿರುವ ಚರ್ಮಕ್ಕೆ ಪ್ರತಿಯೊಂದೂ ಹೊಸ ಕಿರುಕುಳ. ಎರಡು ಮೂರು ದಿನದಲ್ಲಿ ಹಿಡಿತಕ್ಕೆ ಬರದಿದ್ದರೆ, ಅಥವಾ ಮುಖಕ್ಕೆ, ಕಣ್ಣಿನ ಸುತ್ತ ಹರಡಿದರೆ ಚರ್ಮರೋಗ ವೈದ್ಯರಿಗೆ ತೋರಿಸಿ. ಈ ಬಗೆಯ ಅಲರ್ಜಿ ಇಳಿಯಲು ಸಾಮಾನ್ಯವಾಗಿ ಸ್ಟೀರಾಯ್ಡ್ ಮುಲಾಮು ಬೇಕಾಗುತ್ತದೆ. ಎಷ್ಟು ಬಲದ್ದು, ಎಷ್ಟು ದಿನ ಎಂಬುದನ್ನು ಅವರೇ ಹೇಳಬೇಕು, ಕುತ್ತಿಗೆಗೆ ಒಂದಾದರೆ ಮುಂಗೈಗೆ ಇನ್ನೊಂದು. ಕೌಂಟರಿನಲ್ಲಿ ಕೇಳಿದ ಕೂಡಲೇ ಸಿಗುವ, ಸ್ಟೀರಾಯ್ಡ್ ಜೊತೆ ಮೂರು ನಾಲ್ಕು ಮದ್ದು ಬೆರೆಸಿದ ಟ್ಯೂಬನ್ನು ದಯವಿಟ್ಟು ತರಬೇಡಿ. ನಮ್ಮ ಕಡೆ ಹುಳುಕಡ್ಡಿ ಮನೆಮನೆಗೆ ಹಬ್ಬಿ, ಬೇಗ ವಾಸಿಯಾಗದೆ ಕಾಡುವುದರಲ್ಲಿ ಆ ಟ್ಯೂಬುಗಳ ಪಾಲು ದೊಡ್ಡದು.

ರಾತ್ರಿಯ ಮಾತ್ರೆ ಯಾವುದೆಂದು ನೀವು ಬರೆದಿಲ್ಲ, ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ. ಸೆಟಿರಿಜಿನ್ 10 ಮಿ.ಗ್ರಾಂ ಆದರೆ, ಮೂತ್ರಪಿಂಡ ಸರಿಯಿರುವ ದೊಡ್ಡವರು ರಾತ್ರಿ ಒಂದು ತೆಗೆದುಕೊಳ್ಳಬಹುದು. ಈ ಅಲರ್ಜಿಯನ್ನು ಅದು ಗುಣಪಡಿಸುವುದಿಲ್ಲ, ನಿದ್ದೆಗೆ ನೆರವಾದೀತು. ಫೆನಿರಮಿನ್, ಕ್ಲೋರ್‌ಫೆನಿರಮಿನ್ ಬಗೆಯದಾದರೆ ಮಂಪರು ಬೆಳಗಿನವರೆಗೂ ಉಳಿಯುತ್ತದೆ, ಟ್ರ್ಯಾಕ್ಟರ್ ಹತ್ತುವವರು, ಬೈಕ್ ಓಡಿಸುವವರು ಎಚ್ಚರ. ಮಾತ್ರೆಯಲ್ಲಿ ಡೈಫೆನ್‌ಹೈಡ್ರಾಮಿನ್ನೇ ಇದ್ದರೆ ಮಾತ್ರ ಈಗಲೇ ಬಿಡಬೇಕು. ಚರ್ಮದ ಮೂಲಕ ಒಮ್ಮೆ ಅಲರ್ಜಿ ಕುದುರಿದ ಮೇಲೆ ಅದೇ ಮದ್ದು ಹೊಟ್ಟೆಗೆ ಹೋದರೆ ಮೈತುಂಬ ದದ್ದು ಏಳಬಹುದು. ಡೈಮೆನ್‌ಹೈಡ್ರಿನೇಟ್ ಎಂಬ ಪ್ರಯಾಣದ ವಾಂತಿ ಮಾತ್ರೆಯಲ್ಲೂ ಇರುವುದು ಇದೇ ಮದ್ದಿನ ಇನ್ನೊಂದು ರೂಪ. ಕೆಮ್ಮಿಗೆ ಕೊಡುವ ಕೆಲವು ಸಿರಪ್‌ಗಳ ಮುಖ್ಯ ಮದ್ದೂ ಇದೇ.

ಇನ್ನು ಮೊದಲಿನ ಕಡಿತ. ಮೆಕ್ಕೆಜೋಳದ ರವದಿಯ ಸುಂಕು, ಧೂಳು ಕುತ್ತಿಗೆಗೆ ಬಿದ್ದು ಬೆವರಿಗೆ ಅಂಟಿದರೆ ಯಾರಿಗಾದರೂ ಕಡಿಯುತ್ತದೆ. ಆದರೆ ಅದು ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಒಂದೆರಡು ದಿನದಲ್ಲಿ ಇಳಿಯಬೇಕು. ಇಳಿಯದಿದ್ದರೆ ನಾನು ಮೊದಲು ಅನುಮಾನಿಸುವುದು ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಗಿಡ ಇವತ್ತು ನಮ್ಮ ಬದು, ಕಣ, ನಾಲೆ ಏರಿ, ರಸ್ತೆ ಬದಿ ಎಲ್ಲೂ ಇದೆ. ಬೆಳೆಯ ಜೊತೆ ಅದೂ ಒಣಗಿ ಪುಡಿಯಾಗಿ ಗಾಳಿಯಲ್ಲಿ ಹಾರುತ್ತದೆ. ಅದರ ಎಲೆ, ಕಾಂಡದ ಸಣ್ಣ ರೋಮದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಗಿಡ ಒಣಗಿದ ಮೇಲೂ ಬಿಡುವುದಿಲ್ಲ. ಗಾಳಿಯಲ್ಲಿ ಬರುವುದರಿಂದ ಅದು ಕೂರುವ ಜಾಗಗಳೂ ಬೇರೆ: ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಕುತ್ತಿಗೆಯ ಸುತ್ತ, ಅಂಗಿಯ ಗುಂಡಿ ಬಿಚ್ಚಿದ ಎದೆಯ ಭಾಗ, ಮೊಣಕೈ ಮಡಿಕೆ. ವರ್ಷ ವರ್ಷ ಜಾಸ್ತಿಯಾಗುತ್ತ ಹೋಗುತ್ತದೆ, ಬಿಸಿಲಿಗೆ ಕೆರಳುತ್ತದೆ. ಈ ಅಲರ್ಜಿಯನ್ನು ನಡೆಸುವುದು ಹಿಸ್ಟಮಿನ್ ಅಲ್ಲ, ರಕ್ತದ ಟಿ ಕೋಶಗಳೆಂಬ ರಕ್ಷಣಾ ಕೋಶಗಳು. ಆದ್ದರಿಂದಲೇ ಆಂಟಿಹಿಸ್ಟಮಿನ್ ಮುಲಾಮು ಎಷ್ಟು ಬಳಿದರೂ ಇದಕ್ಕೆ ನಾಟುವುದಿಲ್ಲ, ಬಳಿದಷ್ಟೂ ಹೊಸ ಅಲರ್ಜಿಗೆ ದಾರಿ ಮಾತ್ರ. ತುಂಬು ತೋಳಿನ ಹತ್ತಿ ಅಂಗಿ, ಮುಖಕ್ಕೆ ಟವೆಲ್, ಹೊಲದಿಂದ ಬಂದ ತಕ್ಷಣ ತಲೆಯಿಂದ ಸ್ನಾನ, ಆ ಬಟ್ಟೆಗಳನ್ನು ಮನೆಮಂದಿಯ ಬಟ್ಟೆಯೊಂದಿಗೆ ಸೇರಿಸದೆ ಒಗೆಯುವುದು, ಇವಿಷ್ಟೇ ಅರ್ಧ ಚಿಕಿತ್ಸೆ. ಗಿಡ ಕೀಳುವುದಾದರೆ ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು. ಈಗಾಗಲೇ ಅಲರ್ಜಿಯಾದವರು ಮಾತ್ರ ಆ ಕೆಲಸಕ್ಕೆ ಇಳಿಯಲೇಬಾರದು.

ಮನೆಯಲ್ಲಿ ಇಬ್ಬರು ಮೂವರಿಗೆ ರಾತ್ರಿ ಹೊತ್ತು ಬೆರಳ ಸಂದಿ, ಹೊಕ್ಕುಳ ಸುತ್ತ ಕಡಿದರೆ ಅದು ಕಜ್ಜಿ, ಎಲ್ಲರಿಗೂ ಒಂದೇ ದಿನ ಮದ್ದಾಗಬೇಕು. ಉಂಗುರದಂತೆ ಅಂಚು ಉಬ್ಬಿ ನಡುವೆ ತಿಳಿಯಾಗಿದ್ದರೆ ಹುಳುಕಡ್ಡಿ. ಎರಡಕ್ಕೂ ಆಂಟಿಹಿಸ್ಟಮಿನ್ ಮುಲಾಮು ಉಪಯೋಗವಿಲ್ಲ. ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ತುರಿಸಿದರೆ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯಾಗಬೇಕು. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ರಾತ್ರಿ ತುರಿಸತೊಡಗಿದರೆ ಅದನ್ನು ಮುಲಾಮಿನಲ್ಲಿ ಮುಚ್ಚಬೇಡಿ. ಪಿತ್ತರಸ ಸರಾಗವಾಗಿ ಹರಿಯದಿರುವ ಲಕ್ಷಣ ಅದಾಗಿರಬಹುದು, ಮಗುವಿಗೆ ಅಪಾಯ.

ಹಾಗಾದರೆ ಈ ಮುಲಾಮು ಯಾರಿಗೆ? ಕೀಟ ಕಚ್ಚಿದ ಒಂದೆರಡು ದದ್ದು, ತುರಿಸುವ ಗಿಡ ಸೋಕಿದ ಸಣ್ಣ ಜಾಗ. ಚರ್ಮ ಒಡೆದಿರಬಾರದು. ಎರಡು ವರ್ಷ ತುಂಬಿರಬೇಕು. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ. ಟ್ಯೂಬಿನ ಮೇಲೆ ಏಳು ದಿನದ ಮಿತಿ ಬರೆದಿರುವುದುಂಟು. ನನ್ನನ್ನು ಕೇಳಿದರೆ ಕೀಟ ಕಚ್ಚಿದ್ದಕ್ಕೆ ಮೂರು ದಿನವೇ ಸಾಕು, ಅಷ್ಟರಲ್ಲಿ ಇಳಿಯದ ತುರಿಕೆ ಈ ಮದ್ದಿನದ್ದಲ್ಲ.

ಎಷ್ಟು ಹಚ್ಚಬೇಕು ಎಂಬುದನ್ನು ಯಾರೂ ತೋರಿಸಿಕೊಡುವುದಿಲ್ಲ. ದೊಡ್ಡವರ ತೋರುಬೆರಳಿನ ಮೇಲಿನ ಗೆರೆಯಿಂದ ತುದಿಯವರೆಗೆ ಟ್ಯೂಬನ್ನು ಒತ್ತಿ ಒಂದು ಎಳೆ ಹಾಕಿ. ಅದು ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಶೇ. 1ರ ಕ್ರೀಮಾದರೆ ಆ ಎಳೆಯಲ್ಲಿ 5 ಮಿ.ಗ್ರಾಂ ಮದ್ದಿದೆ, ಶೇ. 2ರದಾದರೆ 10. ಒಂದು ಸೊಳ್ಳೆ ಕಡಿತಕ್ಕೆ ಮೆಂತ್ಯದ ಕಾಳಿನಷ್ಟು ಸಾಕೋ ಸಾಕು. ಹಚ್ಚುವ ಮೊದಲು ಜಾಗ ತೊಳೆದು ಪೂರ್ತಿ ಆರಲಿ. ಧೂಳಿನ ಮೇಲೆ ಮುಲಾಮು ಬಳಿದರೆ ತುರಿಸುವ ಪದಾರ್ಥವನ್ನೇ ಚರ್ಮಕ್ಕೆ ತಿಕ್ಕಿದಂತೆ. ತೆಳ್ಳಗೆ ಸವರಿ ಬಿಡಿ, ಮಾಲೀಸು ಬೇಡ. ಮೇಲೆ ಬ್ಯಾಂಡೇಜು, ಪ್ಲಾಸ್ಟಿಕ್, ಬಿಗಿ ಬಟ್ಟೆ ಸುತ್ತಬೇಡಿ, ಬೆಚ್ಚಗಾದ ಚರ್ಮ ಮದ್ದನ್ನು ಹೆಚ್ಚು ಹೀರುತ್ತದೆ. ಕಣ್ಣು, ತುಟಿ, ಮೂಗಿನೊಳಗೆ, ಗುಪ್ತಾಂಗಕ್ಕೆ ತಾಗಿಸಬೇಡಿ, ಹಾಲೂಡಿಸುವ ತಾಯಿ ಎದೆಗೆ ಹಚ್ಚುವುದಂತೂ ಬೇಡವೇ ಬೇಡ. ಹಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಹಚ್ಚಿಕೊಂಡು ಬಿಸಿಲಿಗೆ ಹೋಗುವುದೂ ಬೇಡ, ಈ ಗುಂಪಿನ ಕೆಲವು ಮದ್ದುಗಳು, ಮುಖ್ಯವಾಗಿ ಪ್ರೊಮೆಥಜಿನ್, ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲಿಗೆ ಮೈಯೊಡ್ಡಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ.

ಇಸುಬಿನ ತುರಿಕೆಗೆ ವೈದ್ಯರು ಕೆಲವೊಮ್ಮೆ ಶೇ. 5ರ ಡಾಕ್ಸೆಪಿನ್ ಕ್ರೀಮ್ ಬರೆಯುತ್ತಾರೆ. ಅದೂ ಹಿಸ್ಟಮಿನ್ ತಡೆಯುವುದೇ, ಆದರೆ ಬಹಳ ಬಲವಾದದ್ದು. ದೊಡ್ಡವರಿಗೆ ಮಾತ್ರ, ಎಂಟು ದಿನ ಮೀರದಂತೆ, ಎರಡು ಸಲದ ನಡುವೆ ಮೂರ್ನಾಲ್ಕು ಗಂಟೆ ಬಿಟ್ಟು. ಚರ್ಮದಿಂದಲೇ ಒಳಸೇರಿ ಐವರಲ್ಲಿ ಒಬ್ಬರಿಗಾದರೂ ತೂಕಡಿಕೆ ತರುತ್ತದೆ. ಹತ್ತು ಅಂಗೈ ಅಗಲಕ್ಕಿಂತ ಹೆಚ್ಚು ಹಚ್ಚಿದರೆ ಇನ್ನೂ ಜಾಸ್ತಿ. ಗ್ಲಾಕೋಮಾ ಇದ್ದವರಿಗೆ, ಪ್ರಾಸ್ಟೇಟ್ ಊದಿ ಮೂತ್ರ ಕಟ್ಟುವ ಹಿರಿಯರಿಗೆ ಅದು ಸಲ್ಲದು. ಒಬ್ಬರಿಗೆ ಬರೆದುಕೊಟ್ಟದ್ದನ್ನು ಮನೆಯ ಇನ್ನೊಬ್ಬರು ಹಚ್ಚಿಕೊಳ್ಳಲೇಬಾರದು.

ನಿಮ್ಮ ಮಗನ ವಿಷಯ. ಮೂರು ವರ್ಷ ತುಂಬಿದ್ದರಿಂದ, ಒಂದೆರಡು ಕಡಿತಕ್ಕೆ ಶೇ. 1ರದ್ದನ್ನು ಕಾಳಿನಷ್ಟು ಹಚ್ಚಿದರೆ ತಪ್ಪಿಲ್ಲ. ಆದರೂ ಮೊದಲು ತಣ್ಣೀರ ಬಟ್ಟೆಯನ್ನು ಐದು ಹತ್ತು ನಿಮಿಷ ಒತ್ತಿ ನೋಡಿ, ಬಹಳ ಸಲ ಅಷ್ಟರಲ್ಲೇ ಮಗು ಆಟಕ್ಕೆ ಓಡುತ್ತದೆ. ಉಗುರು ಕತ್ತರಿಸಿಡಿ. ಬೆರಳು ಚೀಪುವ ಮಗುವಾದರೆ ಕೈಗೆ ಹಚ್ಚಬೇಡಿ. ಮೈಯಲ್ಲಿ ಇಪ್ಪತ್ತು ಮೂವತ್ತು ದದ್ದು ಇದ್ದರೆ ಮುಲಾಮು ಬೇಡ, ವೈದ್ಯರು ತೂಕ ನೋಡಿ ಸಿರಪ್ ಕೊಡಲಿ. ನೆಗಡಿ ಕೆಮ್ಮಿನ ಸಿರಪ್ ನಡೆಯುತ್ತಿದ್ದರೆ ಅದರ ಲೇಬಲ್ ಓದಿ, ಒಂದೇ ಮದ್ದು ಬಾಯಿಂದಲೂ ಚರ್ಮದಿಂದಲೂ ಸೇರಬಾರದು. ತುರಿಕೆಯ ಲೋಷನ್‌ಗಳಲ್ಲಿ ಕರ್ಪೂರವೂ ಇರುವುದುಂಟು, ಮಕ್ಕಳು ನುಂಗಿದರೆ ಫಿಟ್ಸ್ ಬರಬಹುದು. ಆದ್ದರಿಂದ ಬಾಟಲಿ ಅಟ್ಟದ ಮೇಲೆ, ದೇವರ ಗೂಡಿನ ಕೆಳಗಲ್ಲ.

ಪಕ್ಕದ ಮನೆಯ ಮಗುವಿಗೆ ಯಾಕೆ ಅಷ್ಟು ಖಡಾಖಂಡಿತವಾಗಿ ಬೇಡ ಎಂದೆ, ಲೆಕ್ಕ ಹಾಕಿ ನೋಡಿ. ಅಮ್ಮ ಎದ್ದ ಮಗುವಿನ ಮೈಯೆಲ್ಲ ಗುಳ್ಳೆ, ಒಡೆದ ಗುಳ್ಳೆಯೊಂದೊಂದೂ ತೆರೆದ ಬಾಗಿಲು. ಶೇ. 1ರ ಲೋಷನ್ 30 ಮಿ.ಲೀ. ಸುರಿದು ಬಳಿದರೆ 300 ಮಿ.ಗ್ರಾಂ ಮದ್ದು ಮೈಮೇಲೆ. ದೊಡ್ಡವರು ಒಂದು ಸಲಕ್ಕೆ ನುಂಗುವ ಪ್ರಮಾಣವೇ 25ರಿಂದ 50 ಮಿ.ಗ್ರಾಂ. ಹೀಗೆ ಹಚ್ಚಿ ಮಕ್ಕಳಿಗೆ ವಿಷವೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮಗು ಇಲ್ಲದ್ದನ್ನು ಕಂಡಂತೆ ಮಾತಾಡುತ್ತದೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತದೆ, ಕಣ್ಣಿನ ಪಾಪೆ ಹಿಗ್ಗಿರುತ್ತದೆ, ಮುಖ ಕೆಂಪು, ಬಾಯಿ ಒಣ, ಎದೆ ಡವಡವ, ಮೂತ್ರ ಕಟ್ಟುತ್ತದೆ. ಜ್ವರದ ಸನ್ನಿ ಎಂದೋ ಅಮ್ಮನ ಮುನಿಸು ಎಂದೋ ಮನೆಯವರು ಕಾಯುತ್ತ ಕೂರುವ ಅಪಾಯ ಇಲ್ಲೇ ಇರುವುದು. ಅವರು ಈಗಾಗಲೇ ಹಚ್ಚಿದ್ದು, ಇವುಗಳಲ್ಲಿ ಒಂದಾದರೂ ಕಂಡರೆ ಸೋಪುನೀರಲ್ಲಿ ಮೈ ತೊಳೆದು 108ಕ್ಕೆ ಕರೆ ಮಾಡಿ, ಬಾಟಲಿ ಸಮೇತ ಆಸ್ಪತ್ರೆಗೆ. ದಡಾರಕ್ಕೂ ಇದೇ ಎಚ್ಚರಿಕೆ.

ಆ ಮಗುವಿಗೆ ಬೇಕಾದ್ದು ಉಗುರುಬೆಚ್ಚಗಿನ ನೀರಿನ ಸ್ನಾನ, ಸಡಿಲ ಹತ್ತಿಬಟ್ಟೆ, ಕತ್ತರಿಸಿದ ಉಗುರು, ಆಂಟಿಹಿಸ್ಟಮಿನ್ ಇಲ್ಲದ ಬರಿಯ ಕ್ಯಾಲಮೈನ್, ಅದೂ ಒಡೆಯದ ಗುಳ್ಳೆಯ ಮೇಲೆ. ಗುಲಾಬಿ ಬಣ್ಣದ ಲೋಷನ್ನೆಲ್ಲ ಬರಿಯ ಕ್ಯಾಲಮೈನ್ ಅಲ್ಲ, ಕೆಲವಕ್ಕೆ ಡೈಫೆನ್‌ಹೈಡ್ರಾಮಿನ್ ಬೆರೆಸಿರುತ್ತಾರೆ, ಲೇಬಲ್ ಓದದೆ ತರಬೇಡಿ. ಬೇವಿನ ಸೊಪ್ಪು ಹಾಸುವ, ನವೆಯಾದಾಗ ಎಳೆ ಬೇವಿನ ಕುಡಿಯಿಂದ ನೇವರಿಸುವ ಪದ್ಧತಿಗೆ ನನ್ನ ತಕರಾರಿಲ್ಲ, ಉಗುರಿನಿಂದ ಕೆರೆಯುವುದಕ್ಕಿಂತ ಎಷ್ಟೋ ವಾಸಿ. ಸ್ನಾನ ಮಾಡಿಸಬಾರದು ಎಂಬುದನ್ನು ಮಾತ್ರ ಒಪ್ಪಲಾರೆ, ಬೆವರು ಕೊಳೆ ಕೂತಷ್ಟೂ ಗುಳ್ಳೆ ಕೀವಾಗುತ್ತದೆ. ಜ್ವರಕ್ಕೆ ತೂಕ ನೋಡಿ ಪ್ಯಾರಾಸಿಟಮಾಲ್. ಆಸ್ಪಿರಿನ್ ಬೇಡ, ಈ ಜ್ವರದಲ್ಲಿ ಅದು ಮಕ್ಕಳ ಯಕೃತ್ತು, ಮಿದುಳಿಗೆ ಹಾನಿ ಮಾಡಬಲ್ಲದು.

ಯಾರಿಗೇ ಆಗಲಿ ದದ್ದಿನ ಜೊತೆ ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ಮುಲಾಮು ಮಾತ್ರೆ ಹುಡುಕುತ್ತ ಕೂರಬೇಡಿ, ನೇರ ಆಸ್ಪತ್ರೆ.

ಕೊನೆಗೆ ನಿಮ್ಮ ಮನೆಯ ಟ್ಯೂಬಿನ ಮಾತು. ಅದರ ಬಾಲವನ್ನು ಸುರುಳಿ ಸುತ್ತಿದ್ದರೆ ಬಿಚ್ಚಿ ನೋಡಿ. ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಸಾಮಾನ್ಯವಾಗಿ ಒತ್ತಿ ಮೂಡಿಸಿರುವುದು ಆ ಮಡಿಕೆಯಲ್ಲೇ, ಮದ್ದು ಹಿಂಡುತ್ತ ಹೋದಂತೆ ಮೊದಲು ಮರೆಯಾಗುವುದೂ ಅದೇ. ಟ್ಯೂಬನ್ನು ಎಸೆಯಬೇಡಿ, ಹಚ್ಚಲೂ ಬೇಡಿ. ಅದು ಬಂದ ರಟ್ಟಿನ ಪೆಟ್ಟಿಗೆ ಇನ್ನೂ ಇದ್ದರೆ ಅದನ್ನೂ ಸೇರಿಸಿ, ಮಾತ್ರೆಯ ಸ್ಟ್ರಿಪ್ಪನ್ನೂ ಹಾಕಿ ಒಂದು ಚೀಲದಲ್ಲಿ ಇಡಿ. ದಾವಣಗೆರೆಯಲ್ಲಿ ಚರ್ಮರೋಗ ವೈದ್ಯರ ಬಳಿ ಹೋಗುವಾಗ ಒಯ್ಯಿರಿ. ಚರ್ಮ ತಿಳಿಯಾದ ಕೆಲವು ವಾರದ ಮೇಲೆ ಅವರು ಪ್ಯಾಚ್ ಪರೀಕ್ಷೆ ಮಾಡಬಹುದು: ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ಒಮ್ಮೆ, ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಕಾಂಗ್ರೆಸ್ ಗಿಡವೋ, ಮುಲಾಮಿನ ಮದ್ದೋ, ಅದರ ಸುಗಂಧವೋ ಅಲ್ಲಿ ಗೊತ್ತಾಗುತ್ತದೆ. ಅದಕ್ಕೆ ಎರಡು ಮೂರು ಸಲ ಓಡಾಡಬೇಕು, ಅಷ್ಟು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವ ಕೆಲಸವೂ ಇಲ್ಲ. ಆದ್ದರಿಂದ ಒಕ್ಕಣೆ, ಬಿತ್ತನೆ ಎರಡೂ ಇಲ್ಲದ ವಾರವನ್ನು ನೋಡಿಕೊಂಡು ದಿನ ಕೇಳಿ.